ಹೊಗೆಯಿಲ್ಲದ ಅಡುಗೆಮನೆ

ವಿಜ್ಞಾನ ಕಥೆ, ಕಲ್ಪನೆಯ ಕಾದಂಬರಿ ಎಂದರೆ ಸಮಯ ಹಾಳು ಎನ್ನುವವರಿದ್ದಾರೆ. ನನಗಂತೂ ಅವು ಇಷ್ಟ. ಒಂದೇ ತಕರಾರು: ಆಕಾಶನೌಕೆಗಳ, ಯುದ್ಧಗಳ ಆ ದಪ್ಪ ಪುಸ್ತಕಗಳಲ್ಲಿ ಅಡುಗೆ ಮಾಡುವವರು ಯಾರೆಂದೇ ತಿಳಿಯುವುದಿಲ್ಲ!

ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಅದನ್ನು ಮರೆಯಲಿಲ್ಲ. ಇಂಗ್ಲಿಷಿನಲ್ಲಿ ಬರೆದ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅಲ್ಲಿನ ಸ್ತ್ರೀರಾಜ್ಯದಲ್ಲಿ ಅಡುಗೆಗೆ ಬಿಸಿಲಿನ ಶಾಖ, ಕಲ್ಲಿದ್ದಲಿಲ್ಲ, ಹೊಗೆಯಿಲ್ಲ. ವಿಜ್ಞಾನ ಬಲ್ಲ ಹೆಂಗಸರು ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತಾರೆ. ಗಂಡಸರೆಲ್ಲ ಮನೆಯೊಳಗೆ! ಓದುವಾಗ ನಗು ಬರುತ್ತದೆ. ಆದರೆ ಒಬ್ಬರನ್ನು ಹೊರತಂದು ಇನ್ನೊಬ್ಬರನ್ನು ಕೂಡಿಹಾಕಿದರೆ ನ್ಯಾಯವಾಯಿತೇ? ಅಷ್ಟರಮಟ್ಟಿಗೆ ಈ ಕಥೆ ನನಗೆ ಒಪ್ಪಿಗೆಯಿಲ್ಲ. ಬಹುಶಃ ಓದುವ ಗಂಡಸರಿಗೆ ಬಿಸಿ ತಟ್ಟಲಿ ಎಂದೇ ಹಾಗೆ ಬರೆದಿರಬೇಕು.

ರೊಕೆಯಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯವರು ಮಲಗಿದ ಮೇಲೆ ಅಣ್ಣನೇ ಅವರಿಗೆ ಇಂಗ್ಲಿಷ್ ಕಲಿಸಿದ್ದು. ಕಥೆಯ ರಾಣಿ ಹೆಣ್ಣುಮಕ್ಕಳೆಲ್ಲ ಓದಬೇಕೆಂದು ಆಜ್ಞೆ ಹೊರಡಿಸುತ್ತಾಳೆ, ಶಾಲೆಗಳು ಎದ್ದು ನಿಲ್ಲುತ್ತವೆ. ರೊಕೆಯಾರಿಗೆ ಅಂಥ ಅಧಿಕಾರ ಎಲ್ಲಿಯದು? 1911ರಲ್ಲಿ ಕಲ್ಕತ್ತಾದಲ್ಲಿ ಅವರು ತೆರೆದ ಶಾಲೆಗೆ ಮೊದಲು ಬಂದವರು 8 ಹುಡುಗಿಯರು. ಉಳಿದವರಿಗಾಗಿ ಅವರು ಮನೆಮನೆಗೆ ಹೋಗಿ ತಂದೆತಾಯಂದಿರನ್ನು ಒಪ್ಪಿಸಬೇಕಾಯಿತು.