ಚರ್ಮದ ತೇವ

ಬೇಸಗೆಯಲ್ಲಿ ಮಣ್ಣಿನ ಕೊಡದ ನೀರು ತಣ್ಣಗಿರುವುದೇಕೆ? ಸೂಕ್ಷ್ಮ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ಒಯ್ಯುತ್ತದೆ. ಆ ಕೊಡಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ತಂಪು ಹೋಗುತ್ತದೆ, ಹಾಳೆಯಡಿ ಮೈಯೆಲ್ಲ ಒದ್ದೆಯಾಗುತ್ತದೆ. ನಮ್ಮ ಚರ್ಮವೂ ಇಂಥದೊಂದು ಕೊಡ. ಬೆವರದಿದ್ದಾಗಲೂ ಅದರಿಂದ ನೀರು ಕಣ್ಣಿಗೆ ಕಾಣದಂತೆ ಹೊರಹೋಗುತ್ತಲೇ ಇರುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯವರಿಗೆ ಇದು ಬರಿಯ ಪಾಠವಲ್ಲ. ಇಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸೀಮೆಯ ಬಹುಭಾಗದ ನೆಲದಡಿ ಸುಣ್ಣಕಲ್ಲು. ಅದರಿಂದ ಹಾಸುಗಲ್ಲು, ಅದರಿಂದಲೇ ಸಿಮೆಂಟು. ಹಸಿ ಸಿಮೆಂಟು ತೀವ್ರ ಕ್ಷಾರ. ಚರ್ಮದ ಮೇಲ್ಮೈಯಾದರೋ ತುಸು ಆಮ್ಲೀಯ. ಎರಡೂ ದಿನವೂ ಸಂಧಿಸಿದರೆ ಹೊರಪದರದ ಜಿಡ್ಡು ಕೆಟ್ಟು, ತೇವ ಸೋರಿ, ಕೈ ಸೀಳುತ್ತದೆ. ಗಾರೆ ಕಲಸುವವರೊಬ್ಬರ ಅಂಗೈಯನ್ನು ನಾನು ನೋಡಿದ್ದೇನೆ, ಬಿರುಕುಬಿಟ್ಟ ಎರೆಹೊಲದಂತಿತ್ತು.

ವೈದ್ಯರು ಆ ಕೈಯನ್ನು ಕಾಣುವುದು ಒಂದು ಗಳಿಗೆ. ಕೆಲಸದ ಯಾವ ಹೊತ್ತಿನಲ್ಲಿ ತೇವ ಇಳಿಯಿತು, ರಾತ್ರಿ ಎಷ್ಟು ಮರಳಿತು ಎಂದು ತಿಳಿಯಲು ಮೈಮೇಲೆ ದಿನಗಟ್ಟಲೆ ಇರುವ ಮಾಪಕ ಬೇಕು. ತತ್ತ್ವ ಸರಳವಾದುದು: ತೇವವುಳ್ಳ ಚರ್ಮ ಒಣಚರ್ಮಕ್ಕಿಂತ ಸುಲಭವಾಗಿ ವಿದ್ಯುತ್ತನ್ನು ಹಾಯಗೊಡುತ್ತದೆ. ತೊಡಕೂ ಅಲ್ಲಿಯೇ ಇದೆ. ಅಂಟಿಸಿದ ಪಟ್ಟಿ ಗಾಳಿಯಾಡದ್ದಾದರೆ ಆವಿ ಅದರಡಿ ನಿಂತು, ಮಾಪಕವು ತಾನೇ ಉಂಟುಮಾಡಿದ ತೇವವನ್ನು ಅಳೆಯುತ್ತದೆ, ಚರ್ಮವೂ ಕೆರೆಯತೊಡಗುತ್ತದೆ.

2017ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ತಕಾವೊ ಸೊಮೆಯಾ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ತೋರಿಸಿದರು. ನೀರಿನಲ್ಲಿ ಕರಗುವ ಪಾಲಿವಿನೈಲ್ ಆಲ್ಕೊಹಾಲಿನ ಅತಿ ತೆಳು ಎಳೆಗಳ ಬಲೆಗೆ ಚಿನ್ನದ ಲೇಪ ಕೊಟ್ಟು, ಚರ್ಮದ ಮೇಲಿಟ್ಟು ನೀರು ಸಿಂಪಡಿಸಿದರು. ಎಳೆ ಕರಗಿತು, ಚಿನ್ನದ ಜಾಲ ಚರ್ಮದ ಗೆರೆಗೆರೆಗೂ ಅಂಟಿತು. 20 ಮಂದಿಯ ಚರ್ಮದ ಮೇಲೆ ಒಂದು ವಾರ ಪರೀಕ್ಷಿಸಿದಾಗ ಉರಿಯೂತ ಕಾಣಲಿಲ್ಲ. ತೇವಮಾಪಕಕ್ಕೆ ಬೇಕಾದದ್ದೂ ಇಂಥ ಉಸಿರಾಡುವ ವಿದ್ಯುದ್ವಾಹಕವೇ.

ಬೆವರು ಬಂದಾಗಲೂ ಅಳತೆ ಏರುವುದರಿಂದ, ಶಾಖವನ್ನೂ ಜೊತೆಗೆ ಅಳೆದು ವಿವೇಚಿಸಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಅಂಕಿಗಳು ಯಾರ ಕೈ ಸೇರಬೇಕೆಂಬುದು. ದುಡಿಯುವವನಿಗೆ ನೆರಳು, ಕೈಗವಸು, ತೊಳೆಯುವ ನೀರು ದೊರಕಿಸಲು ಬಳಕೆಯಾದರೆ ಮಾಪಕ ವೈದ್ಯನಾಗುತ್ತದೆ. ‘ಇವನ ಕೈ ಕೆಟ್ಟಿದೆ’ ಎಂದು ಕೆಲಸ ಬಿಡಿಸಲು ಬಳಕೆಯಾದರೆ ಗೂಢಚಾರನಾಗುತ್ತದೆ. ಅಂತೂ ಸಿಮೆಂಟು ತಾಗಿದ ಕೈಯನ್ನು ಕೂಡಲೇ ತಿಳಿನೀರಿನಲ್ಲಿ ತೊಳೆಯುವುದಕ್ಕೆ ಯಾವ ಮಾಪಕಕ್ಕೂ ಕಾಯಬೇಕಾಗಿಲ್ಲ. ಕೆಲಸದ ಜಾಗದಲ್ಲಿ ಆ ನೀರಿರುವಂತೆ ನೋಡಿಕೊಳ್ಳಬೇಕು, ಅಷ್ಟೆ.