ರೀಲ್ಸ್ ನೋಡಿ ಮಾತ್ರೆ ಬದಲಿಸಬೇಡಿ

ರಮಝಾನ್ ಹತ್ತಿರ ಬಂದರೆ ಸಾಕು, ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಶುಗರ್ ಬಗ್ಗೆ ಡಾಕ್ಟರ್‌ಗಳ ವೀಡಿಯೊಗಳು ಬಂದು ಬೀಳುತ್ತವೆ. ಕೆಲವು ನಿಜಕ್ಕೂ ಉಪಯುಕ್ತ. ಆದರೆ ಅದು ಎಲ್ಲರಿಗೂ ಹೇಳಿದ ಮಾತು, ನಿಮ್ಮ ಉಮ್ಮನಿಗೆ ಬರೆದ ಚೀಟಿಯಲ್ಲ. ಸಹರಿಗೆ ಇನ್ಸುಲಿನ್ ಎಷ್ಟು, ಮಾತ್ರೆ ಯಾವಾಗ ಎಂಬುದನ್ನು ಅವರ ರಿಪೋರ್ಟ್ ನೋಡಿದ ಡಾಕ್ಟರೇ ಹೇಳಬೇಕು.

2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಡಾಕ್ಟರ್ ವಾಟ್ಸ್ಆ್ಯಪ್‌ನಲ್ಲೂ ಸಲಹೆ ಕೊಡಬಹುದು; ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಲೇಬೇಕು. ಎಲ್ಲರೂ ನೋಡುವ ಜಾಲತಾಣದಲ್ಲಿ ಮದ್ದು ಬರೆಯಬಾರದು, ರೋಗಿಯ ಫೋಟೊ ಹಾಕದಿರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದು, ಅದೇ ತಿಂಗಳು ತಡೆಹಿಡಿಯಿತು. ಆದರೂ ಒಳ್ಳೆಯ ಡಾಕ್ಟರ್‌ಗಳು ಹಾಗೇ ನಡೆಯುತ್ತಾರೆ.

ನಾವೂ ಅಷ್ಟೇ. ಉಮ್ಮನ ರಿಪೋರ್ಟನ್ನು ಯಾರದೋ ರೀಲ್ಸಿನ ಕಾಮೆಂಟಿಗೆ ಹಾಕುವುದು ಬೇಡ. ಉಪವಾಸಕ್ಕೆ ಮೊದಲೇ ಒಮ್ಮೆ ಅವರ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.