ನೀರಿಲ್ಲದ ಊರಿನ ತೆಪ್ಪ

"ಕೆರೇಲಿ ನೀರೇ ಇಲ್ಲ, ತೆಪ್ಪಕ್ಕೆ ಇಷ್ಟು ಉಪಚಾರ ಯಾಕೆ ಮಾವ?" ಅಂತ ಪ್ರತಿ ಬೇಸಿಗೆಗೂ ನಗ್ತಿದ್ದೆ. ಕೆಜಿಎಫ್‌ಗೆ ಕುಡಿಯುವ ನೀರು ಕೊಟ್ಟ ಪಾಲಾರ್ ನದಿಯ ಬೇತಮಂಗಲ ಕೆರೆಯೇ ಬತ್ತಿದ್ದ ವರ್ಷಗಳವು. ಕ್ಯಾಸಂಬಳ್ಳಿಯ ನಮ್ಮ ಮಾವ ಮಾತ್ರ ತೆಪ್ಪ ತೊಳೆದು, ನೆರಳಲ್ಲಿ ಒಣಗಿಸಿ, ಬಿದಿರಿಗೆ ಬೇವಿನೆಣ್ಣೆ ಸವರಿ, ತಳದ ಬಿರುಕಿಗೆ ಡಾಂಬರು ಬಳಿಯುತ್ತಿದ್ದರು. ಗೆದ್ದಲು ಹತ್ತದಿರಲೆಂದು ಕಲ್ಲುಗಳ ಮೇಲೆ ಬೋರಲು ಹಾಕುತ್ತಿದ್ದರು. "ನೀರು ಹೇಳಿ ಬರಲ್ಲ ಕಣಪ್ಪ" ಅನ್ನೋರು.

2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದವು. ನೋಡೋಕೆ ಮಾವ ಇರಲಿಲ್ಲ. ಮೇ ತಿಂಗಳಲ್ಲೇ ಕೊರೋನಾಗೆ ಹೋಗಿದ್ದರು. ಮಾರ್ಚ್‌ನಲ್ಲಿ ಅವರು ಬೋರಲು ಹಾಕಿದ್ದ ತೆಪ್ಪವನ್ನ ನೀರಿಗಿಳಿಸಿದೆವು. ಒಂದು ಹನಿಯೂ ಒಳಗೆ ಬರಲಿಲ್ಲ.

ಆಫೀಸಿನಲ್ಲಿ ದಿನಾ ಬ್ಯಾಕಪ್ ತೆಗೆಯೋ ನಾನು, ಅದರ ಅರ್ಥ ಕಲಿತದ್ದು ಅವತ್ತು. ಈಗ ಬೇಸಿಗೆ ಬಂದರೆ ಬೇವಿನೆಣ್ಣೆ ಡಬ್ಬ ಹಿಡಿದು ಊರಿಗೆ ಹೋಗೋದು ನಾನೇ.